ಮೆರವಣಿಗೆಯ ಮರುದಿನ

ನಮ್ಮ ಬೀದರ ಜಿಲ್ಲೆಯಲ್ಲಿ ಈಚಿನ ವರುಷಗಳಲ್ಲಿ ಹೊಸದೊಂದು ಹಬ್ಬ ಹುಟ್ಟಿಕೊಂಡಿದೆ. ಇದಕ್ಕೆ ಪಂಚಾಂಗದಲ್ಲಿ ತಿಥಿಯಿಲ್ಲ, ನಕ್ಷತ್ರವಿಲ್ಲ. ಫೌಜಿನಲ್ಲಿ 17 ವರ್ಷವೋ, 20 ವರ್ಷವೋ, 24 ವರ್ಷವೋ ದುಡಿದು ನಿವೃತ್ತನಾದ ಮಗ ಊರಿಗೆ ಮರಳುವ ದಿನವೇ ಈ ಹಬ್ಬ. ಬೀದರಿನಲ್ಲೋ ಭಾಲ್ಕಿಯಲ್ಲೋ ರೈಲು ಇಳಿದ ಕೂಡಲೇ ಕೊರಳಿಗೆ ಹಾರ, ಹೆಗಲಿಗೆ ಶಾಲು. ಸ್ಟೇಶನ್ನಿನ ಹೊರಗೆ ತೆರೆದ ಜೀಪು ಕಾದಿರುತ್ತದೆ. ಔರಾದಿಗೆ ರೈಲಿಲ್ಲ, ಅತ್ತಣ ಹಳ್ಳಿಯ ಹುಡುಗರು ಮೋಟಾರು ಸೈಕಲ್ಲು ಏರಿ ಬೀದರಿನವರೆಗೂ ಬಂದು ಎದುರುಗೊಳ್ಳುತ್ತಾರೆ. ತ್ರಿವರ್ಣ ಧ್ವಜ, ಹಲಗೆ, ಡಿಜೆ, ಪಟಾಕಿ, ಹೂವಿನ ಮಳೆ. ದಾರಿಯಲ್ಲಿ ಬಸವಣ್ಣನವರ ಮೂರ್ತಿಗೆ, ಅಂಬೇಡ್ಕರರ ಮೂರ್ತಿಗೆ ಮಾಲೆ. ಊರ ಅಗಸೆಯಲ್ಲಿ ಆರತಿ, ಹನುಮಂತದೇವರಿಗೆ ಕಾಯಿ, ಆಮೇಲೆ ಪೆಂಡಾಲಿನಲ್ಲಿ ಸನ್ಮಾನ, ಭಾಷಣ, ಊಟ.

ಈ ಹಬ್ಬ ಬೇಡವೆನ್ನುವವಳು ನಾನಲ್ಲ. ನಾವು ಚಿಕ್ಕವರಿದ್ದಾಗ ಮಿಲ್ಟ್ರಿಯಿಂದ ಬಂದವನು ಕರಿಯ ತಗಡಿನ ಟ್ರಂಕು, ಸುತ್ತಿದ ಹಾಸಿಗೆ ಹೊತ್ತುಕೊಂಡು ಬಸ್ ಸ್ಟ್ಯಾಂಡಿನಿಂದ ಮನೆಗೆ ಒಬ್ಬನೇ ನಡೆದು ಹೋಗುತ್ತಿದ್ದ. ನಾಲ್ಕು ದಿನ ಓಣಿಯ ಹುಡುಗರು ಅವನ ಸುತ್ತ ಕುಳಿತು ಮಂಜಿನ ಕಥೆ ಕೇಳುತ್ತಿದ್ದೆವು, ಐದನೆಯ ದಿನ ಅವನು ಹೊಲದಲ್ಲಿರುತ್ತಿದ್ದ. ಊರಿಗೆ ಊರೇ ಅವನನ್ನು ನೋಡಿಯೂ ನೋಡದಂತಿದ್ದ ಆ ಕಾಲಕ್ಕಿಂತ ಇಂದಿನ ಹೂವಿನ ಮಳೆ ಎಷ್ಟೋ ಮೇಲು. ಬಡ ರೈತನ, ಕೂಲಿಕಾರನ ಮಗನೊಬ್ಬ ಜೀಪಿನ ಮೇಲೆ ನಿಂತು ಊರ ಗೌಡನ ಮನೆಯ ಮುಂದೆ ಹಾಯುವುದೆಂದರೆ ಅದು ಸಣ್ಣ ಮಾತಲ್ಲ. ಆದರೆ ಒಂದು ಆಚರಣೆ ನಮಗೆ ಬೇಕೆನಿಸಿದಾಗಲೇ ಅದರ ಹೆಚ್ಚು-ಕಡಿಮೆ ನೋಡಿಕೊಳ್ಳಬೇಕು. ಬೇಡವಾದದ್ದನ್ನು ತಿದ್ದುವ ಗೋಜಿಗೆ ಯಾರು ಹೋಗುತ್ತಾರೆ?

ಮೊದಲು ನಮ್ಮ ಹಿಂದಿನವರು ಏನು ಮಾಡುತ್ತಿದ್ದರು ನೋಡೋಣ. ಕನ್ನಡ ನಾಡಿನಷ್ಟು ವೀರಗಲ್ಲುಗಳಿರುವ ನೆಲ ಅಪರೂಪ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕುಳಿತಿರುವುದು. ಈ ಕಲ್ಲುಗಳಲ್ಲಿ ಹೆಚ್ಚಿನವು ಮಡಿದವನಿಗಾಗಿ ನಿಂತವು. ಆದರೆ ಕಲ್ಲಿನ ಜೊತೆಗೆ ಇನ್ನೊಂದು ಇರುತ್ತಿತ್ತು. ಸತ್ತವನ ಮನೆಯವರಿಗೆ ಕೊಟ್ಟ ಹೊಲಕ್ಕೆ ನೆತ್ತರುಗೊಡಗೆ ಎಂದು ಹೆಸರು. ಬದುಕಿ ಬಂದ ವೀರನಿಗೆ ಕೊಟ್ಟದ್ದಕ್ಕೆ ಬಾಳ್ಗಚ್ಚು ಎಂದು ಹೆಸರು, ಅಂದರೆ ಕತ್ತಿ ತೊಳೆದು ಕೊಟ್ಟ ದತ್ತಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದಕ್ಕೆ ಸಾಕ್ಷಿ. ನಮ್ಮ ನೆರೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣ 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಗೆದ್ದಾಗ ಗಂಗ ಬೂತುಗನ ಕಡೆಯಲ್ಲಿ ಕಾದಿದ ಮಣಲೇರ ಎಂಬ ವೀರನಿಗೆ ಊರುಗಳೇ ಬಾಳ್ಗಚ್ಚಾಗಿ ಬಂದವು. ಅವನು ಮೆಚ್ಚಿ ಕೇಳಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು. ರಾಜರ ಯುದ್ಧಗಳನ್ನು ನಾವು ಹೊಗಳಬೇಕಾಗಿಲ್ಲ. ಆದರೆ ಅವರಿಗೆ ಒಂದು ಮಾತು ಗೊತ್ತಿತ್ತು: ಗೌರವವೆಂದರೆ ಮರುದಿನ ಒಲೆ ಹೊತ್ತುವಂತಿರಬೇಕು.

ಇಂದಿನ ನಮ್ಮ ಮೆರವಣಿಗೆಗೆ ಈ ಮರುದಿನ ಎಂಬುದೇ ಇಲ್ಲ. ಸಿಪಾಯಿಯಾಗಿ ಸೇರಿದವನಿಗೆ 15 ವರ್ಷ ತುಂಬಿದರೆ ಪಿಂಚಣಿಯುಂಟು. ಹೆಚ್ಚಿನವರು ಮರಳುವುದು ನಲವತ್ತರ ಆಚೆ-ಈಚೆ. ನಮ್ಮಂಥ ಮಾಸ್ತರಿಕೆಯವರು ಅರುವತ್ತಕ್ಕೆ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸಲು ಕೂಡುತ್ತೇವೆ. ಇವರು ನಿವೃತ್ತರಾಗುವಾಗ ಮಕ್ಕಳು ಇನ್ನೂ ಎಂಟನೆಯದೋ ಎಸ್‌ಎಸ್‌ಎಲ್‌ಸಿಯೋ. ಜೀಪಿನಲ್ಲಿ ನಿಂತು ಕೈಮುಗಿದವನು ಆರು ತಿಂಗಳ ಮೇಲೆ ಬ್ಯಾಂಕಿನ ಎ.ಟಿ.ಎಂ. ಬಾಗಿಲಲ್ಲಿ ಸೆಕ್ಯೂರಿಟಿ ಬಟ್ಟೆ ತೊಟ್ಟು ಸ್ಟೂಲಿನ ಮೇಲೆ ಕೂತಿರುತ್ತಾನೆ. ಆ ಕೆಲಸ ಕೀಳಲ್ಲ, ದುಡಿದು ತಿನ್ನುವ ಯಾವ ಕೆಲಸವೂ ಕೀಳಲ್ಲ. ಆದರೆ ಹೂವು ಎರಚಿದ ಅದೇ ಕೈಗಳು ಅವನ ಮುಂದೆ ಹಾಯುವಾಗ ನಮಸ್ಕಾರಕ್ಕೂ ಏಳುವುದಿಲ್ಲ. ಮಾಜಿ ಸೈನಿಕರಿಗೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿಯಿದೆ. ಅರ್ಜಿಯ ಕಾಲಂ ತುಂಬಲು ಬೇಕಾದ ತಿಳಿವಳಿಕೆ ಕೊಡುವವರು ಮೆರವಣಿಗೆಯಲ್ಲಿ ಯಾರೂ ಇರುವುದಿಲ್ಲ. ಭಾಷಣ ಮಾಡುವವರಷ್ಟೇ ಇರುತ್ತಾರೆ.

ಮುಂದಿನ ದಿನಗಳ ಮಾತು ಇನ್ನೂ ಕಠಿಣವಾದದ್ದು. 2022ರ ಜೂನಿನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸೇರುವ ಹುಡುಗರಿಗೆ ನಾಲ್ಕೇ ವರ್ಷದ ನೌಕರಿ. ಅದು ಮುಗಿದ ಮೇಲೆ ನೂರಕ್ಕೆ 25ರವರೆಗೆ ಒಳಗೆ ಉಳಿಯಬಹುದು, ಮಿಕ್ಕವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಪಡೆದು ಮನೆಗೆ. ಪಿಂಚಣಿಯಿಲ್ಲ. ಇಪ್ಪತ್ತೆರಡರ, ಇಪ್ಪತ್ತಮೂರರ ಹುಡುಗ ಮರಳಿ ಬಂದಾಗ ನಾವು ಜೀಪು ಕಟ್ಟುತ್ತೇವೆಯೇ? ಕಟ್ಟಿದರೆ ಏನೆಂದು ಹೇಳಿ ಕಟ್ಟುತ್ತೇವೆ? ಉಳಿದುಕೊಂಡ ಒಬ್ಬನ ಎದುರಿಗೆ ಮರಳಿದ ಮೂವರನ್ನು ಊರು ನಪಾಸಾದವರಂತೆ ನೋಡಿದರೆ? ಔರಾದ ಕಡೆಯ ಎಷ್ಟೋ ಹುಡುಗರು ಬೆಳಗಿನ ನಾಲ್ಕಕ್ಕೆ ಎದ್ದು ರಸ್ತೆಯಲ್ಲಿ ಓಡುವುದನ್ನು ನೋಡಿದವರಿಗೆ ಈ ಪ್ರಶ್ನೆ ದೂರದ್ದಲ್ಲ. ಮಳೆ ನಂಬಿದ ಕರಿಯ ಭೂಮಿ, ತೊಗರಿ-ಸೋಯಾದ ದರ, ಎರಡು ಎಕರೆ ಜಮೀನು. ಆ ಓಟದಲ್ಲಿ ದೇಶಪ್ರೇಮವೂ ಇದೆ, ಮನೆಯ ಸಾಲವೂ ಇದೆ. ಎರಡೂ ನಿಜ. ಭಾಷಣದಲ್ಲಿ ಮಾತ್ರ ಮೊದಲನೆಯದೇ ಕೇಳಿಸುತ್ತದೆ.

ಈಗ ನಮ್ಮ ಹೆಂಗಸರ ಪಾಲಿಗೆ ಬರೋಣ. ಮೆರವಣಿಗೆಯಲ್ಲಿ ನಮ್ಮ ಕೆಲಸ ಆರತಿ ಹಿಡಿಯುವುದು, ಕುಂಭ ಹೊರುವುದು. ಫೌಜಿಯ ಹೆಂಡತಿ ಎಲ್ಲಿರುತ್ತಾಳೆ ಎಂದು ಒಮ್ಮೆ ಗಮನಿಸಿ ನೋಡಿ. ಜೀಪಿನಲ್ಲಿ ಮುಖಂಡರಿರುತ್ತಾರೆ, ಗೆಳೆಯರಿರುತ್ತಾರೆ. ಅವಳು ಮನೆಯಲ್ಲಿ ನೂರು ಜನರ ಅಡಿಗೆಯ ಉಸ್ತುವಾರಿಯಲ್ಲಿ, ಇಲ್ಲವೆ ಬಾಗಿಲಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತ ನಿಂತಿರುತ್ತಾಳೆ. 20 ವರ್ಷ ಅವನು ಗಡಿ ಕಾದನೆಂದರೆ, ಆ 20 ವರ್ಷ ಅವನ ಮನೆಯ ಗಡಿ ಕಾದವಳು ಅವಳು. ಅತ್ತೆಯ ಕಾಯಿಲೆ, ಮೈದುನನ ಪಾಲಿನ ಜಗಳ, ಮಗುವಿನ ಜ್ವರ, ಬೀಜ-ಗೊಬ್ಬರದ ಸಾಲು, ವರ್ಷಕ್ಕೊಮ್ಮೆ ಬರುವ ರಜೆಯ ಎಣಿಕೆ, ಟಿ.ವಿ.ಯಲ್ಲಿ ಕಾಶ್ಮೀರದ ಹೆಸರು ಬಂದರೆ ಎದೆ ಹಿಡಿದುಕೊಳ್ಳುವುದು, ಇವಕ್ಕೆಲ್ಲ ಪದಕವಿಲ್ಲ. ಶಾಲು ಹೊದಿಸುವಾಗ ಎರಡನೆಯ ಶಾಲೊಂದು ಅವಳಿಗೂ ಇರಲಿ ಎಂದು ಪೆಂಡಾಲಿನವರಿಗೆ ಹೊಳೆಯುವುದೇ ಅಪರೂಪ.

ತಾಯಿಯ ಸಂಗತಿ ಇನ್ನೂ ನೋವಿನದು. ಫೌಜಿಯ ತಾಯಿ ಗಂಡನಿಲ್ಲದವಳಾಗಿದ್ದರೆ ಆರತಿಯ ತಟ್ಟೆ ಅವಳ ಕೈಗೆ ಬರುವುದಿಲ್ಲ. ಮುತ್ತೈದೆಯರು ಮುಂದೆ, ಅವಳು ಕಂಬದ ಮರೆಯಲ್ಲಿ. ಹೆತ್ತವಳ ದೃಷ್ಟಿ ಮಗನಿಗೆ ಅಶುಭವಾಗುವುದೆಂದರೆ ಯಾವ ನ್ಯಾಯ? ಗುಂಡಿನ ಮುಂದೆ ನಿಂತು ಬಂದವನಿಗೆ ತಾಯಿಯ ಹಣೆಯಲ್ಲಿ ಕುಂಕುಮವಿಲ್ಲದ್ದರಿಂದ ಕೇಡಾಗುತ್ತದೆಯೇ? ಬಸವಣ್ಣನವರ ಕಲ್ಯಾಣ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅವರ ಮೂರ್ತಿಗೆ ಮಾಲೆ ಹಾಕಿ ಬಂದ ಮೆರವಣಿಗೆಯೇ ಹತ್ತು ನಿಮಿಷದ ಮೇಲೆ ಆ ತಾಯಿಯನ್ನು ಹಿಂದೆ ಸರಿಸುತ್ತದೆ. ಇದನ್ನು ಗಂಡಸರು ಮಾಡುವುದಿಲ್ಲ, ನಾವೇ ಮಾಡುತ್ತೇವೆ. ಹಾಗಾಗಿ ಇದನ್ನು ಬಿಡಿಸುವುದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ.

ಸರ್ಕಾರದ ಆದೇಶದ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಶೌರ್ಯ ಪದಕ ಪಡೆದವನು ತೀರಿಕೊಂಡ ಮೇಲೆ ಪದಕದ ಮಾಸಿಕ ಭತ್ಯೆ ಹೆಂಡತಿಗೆ ಬರುತ್ತದೆ. ಅವಳು ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. ಗಂಡನ ಅಣ್ಣತಮ್ಮಂದಿರಲ್ಲೇ ಒಬ್ಬನನ್ನು ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಈ ಕರಾರನ್ನು ರಕ್ಷಣಾ ಸಚಿವಾಲಯ ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ! ಅಲ್ಲಿಯವರೆಗೆ ವೀರನ ವಿಧವೆಯನ್ನು ವೇದಿಕೆಗೆ ಕರೆದು ವೀರನಾರಿ ಎಂದು ಹೊಗಳುತ್ತಿದ್ದ ನಾವು, ಅವಳು ಯಾರನ್ನು ಮದುವೆಯಾಗಬೇಕೆಂಬುದನ್ನೂ ಕಡತದಲ್ಲಿ ಬರೆದಿಟ್ಟಿದ್ದೆವು. ಕಡತದ ಸಾಲು ಅಳಿಯಿತು. ಮನೆಯ ಹಿರಿಯರ ಮನಸ್ಸಿನ ಸಾಲು ಅಳಿಯಿತೇ ಎಂಬುದನ್ನು ಓದುಗ ತಂಗಿಯರೇ ಹೇಳಬೇಕು.

ಇನ್ನು ಮರಳಿ ಬಾರದವರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್ನಿನ 19,600 ಅಡಿ ಎತ್ತರದಲ್ಲಿ ಹಿಮದಡಿ ಸಿಕ್ಕರು. ಆರನೆಯ ದಿನ ಉಸಿರಾಡುತ್ತಲೇ ಸಿಕ್ಕಾಗ ನಾಡಿಗೆ ನಾಡೇ ಹರಕೆ ಹೊತ್ತಿತು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಎತ್ತರದಲ್ಲಿ ಗುಂಡಿಗಿಂತ ಚಳಿಗೆ, ಹಿಮಕುಸಿತಕ್ಕೆ ಸತ್ತವರೇ ಹೆಚ್ಚು. ನಮ್ಮ ಬೀದರಿನ ನೆತ್ತಿಯ ಮೇಲೆ ಚಿತ್ತಾರ ಬರೆಯುವ ಸೂರ್ಯಕಿರಣ ತಂಡದ ವಿಮಾನಗಳನ್ನು ಮಾಳಿಗೆಯೇರಿ ನೋಡಿ ನಾವು ಚಪ್ಪಾಳೆ ತಟ್ಟುತ್ತೇವೆ. 1996ರಲ್ಲಿ ಇಲ್ಲಿಯ ವಾಯುನೆಲೆಯಲ್ಲಿ ಹುಟ್ಟಿದ ತಂಡ ಅದು. 2006ರ ಮಾರ್ಚಿನಲ್ಲಿ ಬೀದರಿನ ಬಳಿಯೇ ಅದರ ವಿಮಾನವೊಂದು ಬಿದ್ದು ಇಬ್ಬರು ಪೈಲಟರು ಸತ್ತರು. ಯುದ್ಧವಿರಲಿಲ್ಲ, ವೈರಿಯಿರಲಿಲ್ಲ, ಅಭ್ಯಾಸವೇ ಪ್ರಾಣ ತೆಗೆದುಕೊಂಡಿತು. ಸೈನಿಕನ ಬದುಕಿನ ಅಪಾಯ ಸಿನಿಮಾದಲ್ಲಿ ತೋರಿಸುವಂಥದ್ದಲ್ಲ. ಅದು ಬಹುಪಾಲು ಚಳಿ, ಬೇಸರ, ಒಂಟಿತನ, ಯಂತ್ರದ ತಪ್ಪು, ಮನೆಯ ಚಿಂತೆ. ಮೆರವಣಿಗೆಯ ಭಾಷಣದಲ್ಲಿ ಇದಾವುದೂ ಬರುವುದಿಲ್ಲ. ವೈರಿಯನ್ನು ಚಿಂದಿ ಮಾಡಿದ ಮಾತೇ ಬರುತ್ತದೆ, ಅದೂ ಗಡಿ ಕಾಣದವರ ಬಾಯಲ್ಲಿ. ಫೌಜಿ ಮಾತ್ರ ತಲೆ ತಗ್ಗಿಸಿಕೊಂಡು ಕೂತಿರುತ್ತಾನೆ.

ಘೋಷಣೆಗಳ ವಿಚಾರ ಹೇಳಲೇಬೇಕು, ಏಕೆಂದರೆ ಇದು ಬೀದರ. ಈ ಜಿಲ್ಲೆಗೆ ಸೈನ್ಯವನ್ನು ಎದುರುಗೊಂಡ ನೆನಪು ಹಳೆಯದು. 1948ರ ಮೇ ತಿಂಗಳಲ್ಲಿ ನಮ್ಮ ಗೋರಟಾದಲ್ಲಿ ರಜಾಕಾರರು ಮಾಡಿದ ಕೊಲೆ-ಸುಲಿಗೆಯನ್ನು ಹಿರಿಯರು ಕಣ್ಣೀರಿಲ್ಲದೆ ಹೇಳುತ್ತಿರಲಿಲ್ಲ. ಆ ವರ್ಷ ಸೆಪ್ಟೆಂಬರ 13ರಂದು ಭಾರತದ ಸೈನ್ಯ ಹೈದರಾಬಾದ ಸಂಸ್ಥಾನದೊಳಗೆ ಬಂತು, 17ರಂದು ನಿಜಾಮ ಸೋಲೊಪ್ಪಿಕೊಂಡ. ಆ ಸೈನ್ಯಕ್ಕೆ ಜನ ಹೂವು ತೂರಿದ್ದು ಸಹಜ, ನ್ಯಾಯವೂ ಹೌದು. ಆದರೆ ಮುಂದಿನ ವಾರಗಳಲ್ಲಿ ಅದೇ ಓಣಿಯ ಇನ್ನೊಂದು ತುದಿಯ ಮನೆಗಳಲ್ಲಿ ಬೇರೆಯೇ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಆ ವರ್ಷದ ಕೊನೆಗೆ ಊರೂರು ಅಲೆದು ವರದಿ ಕೊಟ್ಟಿತು. ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದೂ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ಗುಲಬರ್ಗಾ, ನಾಂದೇಡಗಳ ಜೊತೆಗೆ ಬೀದರವೂ ಒಂದೆಂದೂ ಅದು ಬರೆಯಿತು. ಸತ್ತವರಲ್ಲಿ ಹೆಚ್ಚಿನವರು ಮುಸಲ್ಮಾನರು, ರಜಾಕಾರರ ಪಾಪದಲ್ಲಿ ಪಾಲಿಲ್ಲದ ಬಡವರೂ ಅವರಲ್ಲಿದ್ದರು. ಪ್ರಾಣ ಒತ್ತೆಯಿಟ್ಟು ನೆರೆಯ ಮುಸಲ್ಮಾನರನ್ನು ಉಳಿಸಿದ ಹಿಂದೂಗಳಿದ್ದರೆಂದೂ ಅದೇ ವರದಿ ಹೇಳುತ್ತದೆ. ದಶಕಗಳ ಕಾಲ ಮುಚ್ಚಿಟ್ಟಿದ್ದ ಆ ಕಾಗದ ಜನರ ಓದಿಗೆ ಸಿಕ್ಕಿದ್ದು 2013ರಲ್ಲಿ. ಗೋರಟಾದ ನೋವನ್ನು ನೆನೆಯುವವರು ಈ ನೋವನ್ನು ಮರೆಯಬೇಕಿಲ್ಲ, ಇದನ್ನು ನೆನೆಯುವವರು ಗೋರಟಾವನ್ನು ಅಲ್ಲಗಳೆಯಬೇಕಿಲ್ಲ. ಒಂದೇ ಎದೆಯಲ್ಲಿ ಎರಡಕ್ಕೂ ಜಾಗವಿರಬೇಕು.

ಇದನ್ನೇಕೆ ಇಲ್ಲಿ ಎತ್ತಿದೆನೆಂದರೆ, ಇಂಥ ನೆಲದಲ್ಲಿ ಫೌಜಿಯ ಮೆರವಣಿಗೆ ಒಂದು ಓಣಿಯ ಮುಂದೆ ಬಂದಾಗ ಡಿಜೆಯ ದನಿ ಏರಿಸಿ, ಅಲ್ಲಿಯೇ ನಿಂತು ಕೂಗುವುದಿದೆಯಲ್ಲ, ಅದು ಫೌಜಿಗೆ ಮಾಡುವ ಅವಮಾನ. ಅವನು ಬ್ಯಾರಕ್ಕಿನಲ್ಲಿ ಎಲ್ಲ ಜಾತಿ-ಧರ್ಮದವರೊಡನೆ ಒಂದೇ ಸಾಲಿನಲ್ಲಿ ಉಂಡು ಬಂದವನು. 2025ರ ಮೇ ತಿಂಗಳಲ್ಲಿ ಸಿಂದೂರ ಕಾರ್ಯಾಚರಣೆಯ ಸುದ್ದಿಯನ್ನು ದೇಶಕ್ಕೆ ಹೇಳಿದ ಕರ್ನಲ್ ಸೋಫಿಯಾ ಕುರೇಶಿಯವರು ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ. ಆ ವಾರ ಅವರ ಹೆಸರು ಹೇಳಿ ಹೆಮ್ಮೆಪಟ್ಟ ಊರುಗಳಲ್ಲಿ ನಮ್ಮವೂ ಇದ್ದವು. ಮೆರವಣಿಗೆ ಹೋಗುವ ದಾರಿಯ ಎಲ್ಲ ಬಾಗಿಲೂ ತೆರೆದಿರುವಂತಿದ್ದರೆ, ಈ ಮನೆಯಿಂದ ಆರತಿ, ಆ ಮನೆಯಿಂದ ಗುಲಾಬಿ ಬರುವಂತಿದ್ದರೆ, ಆಗ ಅದು ಊರಿನ ಮೆರವಣಿಗೆ. ಇಲ್ಲದಿದ್ದರೆ ಅದು ಯಾರದೋ ಬ್ಯಾನರಿನ ಮೆರವಣಿಗೆ. ಬ್ಯಾನರಿನಲ್ಲಿ ಫೌಜಿಯ ಮುಖ ಮೂಲೆಯಲ್ಲಿ ಅಂಚೆ ಚೀಟಿಯಷ್ಟು, ಶುಭಕೋರುವವರ ಮುಖ ತಾಟಿನಷ್ಟು. ಅದನ್ನು ನೋಡಿದರೆ ಯಾರನ್ನು ಎದುರುಗೊಳ್ಳುತ್ತಿದ್ದೇವೆಂದು ಹೊಸಬರಿಗೆ ತಿಳಿಯುವುದಿಲ್ಲ.

ಹೊರನಾಡಿನಲ್ಲೂ ಇಂಥ ಪಾಠಗಳಿವೆ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರ ಜುಲೈ 14ರಂದು ಪ್ಯಾರಿಸ್ಸಿನಲ್ಲಿ ವಿಜಯದ ಪಥಸಂಚಲನ ನಡೆಯಿತು. ಅದರಲ್ಲಿ ಸೇನಾಪತಿಗಳಿಗಿಂತ ಮುಂದೆ ಹೋದವರು ಕೈಕಾಲು, ಕಣ್ಣು ಕಳೆದುಕೊಂಡ ಸುಮಾರು ಸಾವಿರ ಸೈನಿಕರು, ಕೆಲವರು ಊರುಗೋಲಿನ ಮೇಲೆ, ಕೆಲವರು ಗಾಲಿಕುರ್ಚಿಯಲ್ಲಿ. ಯುದ್ಧವೆಂದರೇನೆಂದು ಜನರಿಗೆ ಅಲ್ಲಿ ಭಾಷಣ ಬೇಕಾಗಲಿಲ್ಲ. ಐದೇ ದಿನದ ಮೇಲೆ ಇಂಗ್ಲೆಂಡಿನ ಲೂಟನ್ ಪಟ್ಟಣದಲ್ಲಿ ಬೇರೆಯೇ ಆಯಿತು. ಶಾಂತಿ ದಿನದ ಸಂಭ್ರಮಕ್ಕೆ ಪುರಸಭೆ ಔತಣ ಏರ್ಪಡಿಸಿತ್ತು, ಅದು ಕಾದಿ ಬಂದ ಸಾಮಾನ್ಯ ಸೈನಿಕರ ಪಾಲಿಗೆ ಇರಲಿಲ್ಲ. ಸತ್ತ ಗೆಳೆಯರಿಗಾಗಿ ಉದ್ಯಾನದಲ್ಲಿ ಪ್ರಾರ್ಥನೆ ಮಾಡುತ್ತೇವೆಂದರೂ ಅಪ್ಪಣೆ ಸಿಗಲಿಲ್ಲ. ಕೆಲಸವಿಲ್ಲ, ಪಿಂಚಣಿ ಸಾಲದು, ಮೇಲೆ ಈ ಮೆರವಣಿಗೆ. ರೊಚ್ಚಿಗೆದ್ದ ಜನ ಆ ರಾತ್ರಿ ಪುರಭವನಕ್ಕೇ ಬೆಂಕಿಯಿಟ್ಟರು. ಬೆಂಕಿಯಿಟ್ಟದ್ದು ಸರಿಯೆಂದು ಯಾರೂ ಹೇಳುವುದಿಲ್ಲ. ಹೊಟ್ಟೆಗಿಲ್ಲದವನ ಮುಂದೆ ಬಾಜಾ ಬಾರಿಸಬಾರದೆಂಬುದು ಆ ಕಥೆಯ ನೀತಿ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವಿರಿ. ದೊಡ್ಡ ಮಾತು ಬೇಡ, ನಮ್ಮ ಕೈಲಾಗುವುದನ್ನೇ ಹೇಳುತ್ತೇನೆ. ಮೊದಲ ಆರತಿ ತಾಯಿಯ ಕೈಯಲ್ಲಿರಲಿ, ಅವಳ ಹಣೆಯನ್ನು ಯಾರೂ ನೋಡದಿರಲಿ. ಜೀಪಿನಲ್ಲಿ ಹೆಂಡತಿಗೆ, ಮಕ್ಕಳಿಗೆ ಜಾಗವಿರಲಿ. ಶಾಲೆಯ ಮಕ್ಕಳನ್ನು ಧ್ವಜ ಹಿಡಿಸಿ ಏಪ್ರಿಲ್ಲಿನ ಬಿಸಿಲಲ್ಲಿ ಎರಡು ತಾಸು ರಸ್ತೆಯ ಬದಿಗೆ ನಿಲ್ಲಿಸುವುದು ನಿಲ್ಲಲಿ; ಅದಕ್ಕೆ ಬದಲು ಮುಂದಿನ ವಾರ ಆ ಫೌಜಿಯನ್ನೇ ಶಾಲೆಗೆ ಕರೆಸಿ, ಒಂದು ತಾಸು ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿಸೋಣ. ಹಿಮದಲ್ಲಿ ಸ್ನಾನ ಹೇಗೆ ಮಾಡುತ್ತಿದ್ದಿರಿ, ಕನ್ನಡ ಮಾತಾಡುವವರು ಸಿಗುತ್ತಿದ್ದರೇ, ಅಳು ಬರುತ್ತಿತ್ತೇ ಎಂದು ಮಕ್ಕಳು ಕೇಳುತ್ತಾರೆ. ದೊಡ್ಡವರು ಕೇಳದ ಪ್ರಶ್ನೆಗಳು ಅವು. ಹೆಣ್ಣುಮಕ್ಕಳೂ ಮುಂದಿನ ಸಾಲಿನಲ್ಲಿ ಕೂಡಲಿ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಹುಡುಗಿಯರ ಮೊದಲ ತಂಡ ಸೈನಿಕರಾಗಿ ಹೊರಬಂತು. ನಾಳೆ ನಮ್ಮ ಓಣಿಯ ಹುಡುಗಿ ಸಮವಸ್ತ್ರದಲ್ಲಿ ಮರಳಿದಾಗ ಆರತಿ ಯಾರು ಯಾರಿಗೆ ಎತ್ತಬೇಕೆಂಬ ಪ್ರಶ್ನೆ ಬರುತ್ತದೆ. ಈಗಲೇ ಯೋಚಿಸಿಟ್ಟುಕೊಳ್ಳುವುದು ಲೇಸು.

ಕೊನೆಯದು, ನೋಡುವುದಕ್ಕೆ ಸಣ್ಣದು, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಶಾಲೆಯ ಹಾಜರಿ, ದಾಖಲಾತಿ ಪುಸ್ತಕಗಳ ನಡುವೆ ಬದುಕಿದ ನನಗೆ ಹೆಸರುಗಳ ತಂಟೆ ಗೊತ್ತು. ಫೌಜಿಯ ಮದುವೆ, ಮಕ್ಕಳ ಜನನ ಸೇನೆಯ ದಾಖಲೆಯಲ್ಲಿ ಪಾರ್ಟ್ ಟೂ ಆರ್ಡರ್ ಎಂಬುದರಲ್ಲಿ ಏರಬೇಕು. ಅಲ್ಲಿ ಹೆಂಡತಿಯ ಹೆಸರು ಮಹಾದೇವಿ, ಆಧಾರಿನಲ್ಲಿ ಮಾದೇವಿ, ಬ್ಯಾಂಕಿನಲ್ಲಿ ಮಹಾದೇವಮ್ಮ. ನಮ್ಮ ಗಡಿ ತಾಲೂಕಿನಲ್ಲಂತೂ ಒಂದೇ ಹೆಸರನ್ನು ಕನ್ನಡದವರೊಂದು ಬಗೆ, ಮರಾಠಿಯವರೊಂದು ಬಗೆ, ಉರ್ದುವಿನವರೊಂದು ಬಗೆ ಬರೆಯುತ್ತಾರೆ. ಗಂಡ ಇರುವವರೆಗೆ ಇದು ನಗುವ ಮಾತು. ಅವನು ತೀರಿಕೊಂಡ ಮರುದಿನ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗ ಒಂದು ಅಕ್ಷರದ ವ್ಯತ್ಯಾಸಕ್ಕೆ ತಿಂಗಳುಗಟ್ಟಲೆ ಅಲೆದಾಟ. ಹಳೆಯ ದಾಖಲಾತಿಯ ನಕಲು ಕೊಡಿರೆಂದು ಸೆರಗಿನಲ್ಲಿ ಕಾಗದ ಸುತ್ತಿಕೊಂಡು ಶಾಲೆಯ ಮೆಟ್ಟಿಲು ಹತ್ತುವ ಹೆಂಗಸರನ್ನು ನಾನು ಕಂಡಿದ್ದೇನೆ. ಪಿಂಚಣಿಯ ಆದೇಶವಾದ ಪಿ.ಪಿ.ಓ. ಎಂಬ ಕಾಗದ ಮನೆಯ ಯಾವ ಪೆಟ್ಟಿಗೆಯಲ್ಲಿದೆ ಎಂಬುದೇ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಗಂಡ ಹೇಳಿರುವುದಿಲ್ಲ, ಇವರು ಕೇಳಿರುವುದಿಲ್ಲ.

ಆದ್ದರಿಂದ ನಿಮ್ಮ ಓಣಿಗೆ ಫೌಜಿ ಮರಳಿ ಬಂದರೆ, ಹೂವು ಎರಚಿರಿ, ಸಿಹಿ ಹಂಚಿರಿ, ಸಂತೋಷ. ಹಾರ ಬಾಡಿದ ಮೇಲೆ, ಜೀಪಿನ ಬಾಡಿಗೆ ಚುಕ್ತಾ ಆದ ಮೇಲೆ, ನಾಲ್ಕು ಅಕ್ಷರ ಬಲ್ಲ ಹೆಂಗಸರು ಒಂದು ಮಧ್ಯಾಹ್ನ ಅವನ ಹೆಂಡತಿಯ ಜೊತೆ ಕುಳಿತುಕೊಳ್ಳಿರಿ. ಪಿ.ಪಿ.ಓ., ಆಧಾರು, ಬ್ಯಾಂಕಿನ ಪುಸ್ತಕ, ಮಕ್ಕಳ ಜನನ ಪತ್ರ ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಹೆಸರು, ಹುಟ್ಟಿದ ದಿನ ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿರಿ. ತಾಳೆಯಾಗದಿದ್ದರೆ ಅವನು ಗಟ್ಟಿಯಾಗಿರುವಾಗಲೇ ತಿದ್ದಿಸಲು ಹೇಳಿರಿ. ಚಹಾ ಅವರ ಮನೆಯದೇ ಆಗಲಿ.